ಉಪ್ಪು ಕಾಣದ ಕಾರು

ಎರಡನೆಯ ಮಳೆ ಇನ್ನೂ ಬಂದಿರಲಿಲ್ಲ. ಮೊದಲನೆಯದು ಭಾನುವಾರ ಚರ್ಚು ಬಿಡುವ ಹೊತ್ತಿಗೆ ಹತ್ತು ನಿಮಿಷ ಹೊಡೆದು ನಿಂತಿತ್ತು. ರಸ್ತೆಯನ್ನು ತೊಳೆದಿರಲಿಲ್ಲ, ಬರೀ ನೆನೆಸಿತ್ತು. ಮಗಳು ಗ್ವೆನ್ ಕಾರು ಓಡಿಸುತ್ತಿದ್ದಳು. ಲೋರ್ನ್ ಪಕ್ಕದಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದ. ರಸ್ತೆಯ ಎರಡೂ ಅಂಚಿಗೆ ಉಪ್ಪಿನ ಬಿಳಿ ಗೆರೆ, ಬೇಲಿಯ ಕಂಬಗಳಿಗೆ ಮಂಡಿಯೆತ್ತರದ ತನಕ ಬಿಳಿ, ಮುಂದೆ ಹೋಗುತ್ತಿದ್ದ ಹಾಲಿನ ಲಾರಿಯ ಹಿಂಬದಿಯೂ ಬಿಳಿ. ರಸ್ತೆಯ ಹಿಮ ಕರಗಲೆಂದು ನವೆಂಬರಿನಿಂದ ಮಾರ್ಚಿನವರೆಗೆ ಸುರಿದದ್ದು. ಮೊದಲ ಮಳೆ ಉಪ್ಪನ್ನು ಎಬ್ಬಿಸುತ್ತದೆ, ಎರಡನೆಯದು ಒಯ್ಯುತ್ತದೆ ಎಂದು ಇಲ್ಲಿಯವರು ಹೇಳುತ್ತಾರೆ. ಉಪ್ಪು ತಗಡನ್ನು ತಿನ್ನುತ್ತದೆಂದು, ಬೇಸಿಗೆಗೆಂದೇ ಒಂದು ಕಾರು ಇಟ್ಟುಕೊಂಡವರು ಎರಡನೆಯ ಮಳೆ ಕಳೆಯುವ ತನಕ ಅದರ ಹೊದಿಕೆ ತೆಗೆಯುವುದಿಲ್ಲ. ತೆಗೆದವನನ್ನು ಕಾಫಿ ಅಂಗಡಿಯಲ್ಲಿ ವರ್ಷವಿಡೀ ಆಡಿಕೊಳ್ಳುತ್ತಾರೆ. ಲೋರ್ನ್ ರಸಾಯನಶಾಸ್ತ್ರ ಓದಿದವನು. ಹ್ಯೂರನ್ ಸರೋವರದ ತಳದಲ್ಲಿರುವ ಉಪ್ಪಿನ ಗಣಿಯ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಕೂತು, ಈ ಸೀಮೆಯ ರಸ್ತೆಗಳ ಮೇಲೆ ಬೀಳುವ ಉಪ್ಪಿನ ತೇವ, ಹರಳಿನ ಗಾತ್ರ, ಕಲ್ಮಶ ಅಳೆದು ಸಹಿ ಹಾಕಿದವನು. ಎರಡು ಮಳೆಯ ಆ ನಿಯಮವನ್ನು ಅವನು ಎಷ್ಟೋ ಸಲ ಮನಸ್ಸಿನಲ್ಲೇ ಪರೀಕ್ಷೆಗೆ ಒಡ್ಡಿದ್ದ. ಅದರಲ್ಲಿ ತಪ್ಪಿರಲಿಲ್ಲ. ತಪ್ಪಿಲ್ಲದ ನಿಯಮಗಳೇ ಮನುಷ್ಯನನ್ನು ಕೆಡಿಸುವುದು ಎಂದು ಈಗ ಅನ್ನಿಸಿತು. ಅನ್ನಿಸಿದ್ದು ಹಿಡಿಸದೆ ಕಿಟಕಿಯ ಗಾಜನ್ನು ಒಂದಿಷ್ಟು ಇಳಿಸಿ ಮತ್ತೆ ಏರಿಸಿದ.

"ಇನ್ನೊಂದ್ಸಲ ಹೇಳಪ್ಪ," ಎಂದಳು ಗ್ವೆನ್. "ಯಾಕೆ ಬೇಕು ನಿಂಗೆ ಆ ಕಾರು?"

"ಹಳೇ ಆಸೆ."

"ಮಾರಿದ್ದು ನೀನೇ ತಾನೆ?"

"ಮಾರಿದ್ಮೇಲೇ ಅಲ್ವಾ ಆಸೆ ಹುಟ್ಟೋದು."

"ಆ ಕಾರಿನ ಸೀಟು ನೆಲಕ್ಕೆ ಒಂದು ಗೇಣು ಮೇಲಿದೆ. ನಿನ್ನ ಮಂಡಿಗೆ ಅದರೊಳಗೆ ಇಳಿಯೋಕೇ ಅರ್ಧ ಗಂಟೆ. ಎಬ್ಬಿಸೋಕೆ ಗಣಿಯಿಂದ ಕ್ರೇನ್ ತರಿಸ್ಬೇಕು."

"ತರಿಸು. ಅಲ್ಲಿ ಇನ್ನೂ ನನ್ನ ಹೆಸರಿಗೆ ಮರ್ಯಾದೆ ಇದೆ."

ಅವಳು ನಕ್ಕಳು. ನಕ್ಕಾಗ ಅವಳ ತಾಯಿಯ ಹಾಗೆಯೇ ಮೂಗಿನ ಮೇಲೆ ಎರಡು ಗೆರೆ ಬೀಳುತ್ತಿತ್ತು. ಲೋರ್ನ್ ಮತ್ತೆ ಬೇಲಿಯ ಕಡೆ ತಿರುಗಿದ. ಸೋಮವಾರ ಡಂಕ್ ಫೋನು ಮಾಡಿದ್ದ. ಅದೇ ಗಣಿಯ ಆಳದಲ್ಲಿ ಸಿಡಿಮದ್ದು ಇಡುತ್ತಿದ್ದ ಡಂಕನ್ ಫ್ಯಾರಿಶ್, ಇಪ್ಪತ್ತಮೂರು ವರ್ಷದ ಹಿಂದೆ ಲೋರ್ನ್‌ನಿಂದ ಆ ಕಾರು ಕೊಂಡವನು. ಕಣ್ಣು ಮಂಜಾಗಿ ಲೈಸೆನ್ಸು ಹೋಯಿತು ಕಣೋ, ನಿನ್ನ ಕಾರು ನಿಂಗೇ ಮೊದಲು, ಶನಿವಾರ ಟೊರಾಂಟೊದಿಂದ ಒಬ್ಬ ಬರುತ್ತಾನೆ, ಅಷ್ಟರೊಳಗೆ ಹೂಂ ಅಥವಾ ಉಹೂಂ ಅನ್ನು ಎಂದಿದ್ದ. 'ನಿನ್ನ ಕಾರು.' ಆ ಎರಡು ಪದ ಕೇಳಿದ ಮೇಲೆ ಲೋರ್ನ್ ಮೂರು ದಿನದಿಂದ ನಿದ್ದೆ ಮಾಡಿರಲಿಲ್ಲ. ಮಗಳಿಗೆ ಹೇಳದೆ ಉಳಿಸಿಕೊಂಡದ್ದು ಇಷ್ಟು: ಕೊಳ್ಳಬೇಕು, ಕೊಂಡು ಬೇಸಿಗೆಯಿಡೀ ಮುಟ್ಟದೆ ಇಟ್ಟು, ನವೆಂಬರಿನಲ್ಲಿ ಮೊದಲ ಉಪ್ಪಿನ ಲಾರಿ ಮನೆ ಮುಂದೆ ಹಾದುಹೋದ ದಿನ ಹೊರಗೆ ತೆಗೆಯಬೇಕು. ದಿನವೂ ಓಡಿಸಬೇಕು. ಒಂದು ದಿನವೂ ತೊಳೆಯಬಾರದು. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಕಬ್ಬಿಣಕ್ಕೂ ಅದೇ ನಿಯಮ. ಮೊದಲ ಚಳಿಗಾಲದಲ್ಲಿ ಚಕ್ರದ ಮೇಲಿನ ಕಮಾನಿನಲ್ಲಿ ಬಣ್ಣ ಗುಳ್ಳೆಯೇಳುತ್ತದೆ. ಎರಡನೆಯದರಲ್ಲಿ ಬಾಗಿಲಿನ ಕೆಳಗಿನ ಪಟ್ಟಿ. ಮೂರನೆಯದರಲ್ಲಿ ಬ್ರೇಕಿನ ಕೊಳವೆ. ನಾಲ್ಕನೆಯ ಚಳಿಗಾಲಕ್ಕೆ ತಳದ ತಗಡು ಬಿಸ್ಕತ್ತಿನ ಹಾಗಾಗಿ, ಒಂದು ಬೆಳಿಗ್ಗೆ ಕಾಲಿಟ್ಟರೆ ಕಾಲು ರಸ್ತೆಗೇ ಇಳಿಯುತ್ತದೆ. ಈ ಕ್ರಮವನ್ನು ನೆನೆಯುವಾಗ ಅವನಿಗೆ ಒಂದು ಬಗೆಯ ನೆಮ್ಮದಿ ಸಿಗುತ್ತಿತ್ತು, ಬೇರೆ ಯಾವುದರಿಂದಲೂ ಸಿಗದಂಥದು. ಎಪ್ಪತ್ತು ವರ್ಷದ ಮನುಷ್ಯ ಒಂದು ಕಾರಿನ ಮೇಲೆ ಹಗೆ ತೀರಿಸಿಕೊಳ್ಳಲು ಹೊರಟಿದ್ದಾನೆ ಎಂದು ಯಾರಾದರೂ ತಿಳಿದರೆ ನಗುತ್ತಾರೆ. ನಗಲಿ. ಆದರೆ ಗ್ವೆನ್ ನಗುವುದಿಲ್ಲ, ಅದೇ ಭಯ.

ಡಂಕ್ ಅಂಗಳದಲ್ಲೇ ನಿಂತಿದ್ದ. ಸದ್ದು ಬಂದ ಕಡೆಗೆ ಮುಖವೆತ್ತಿ, ಕಾರು ನಿಂತ ಮೇಲೂ ಒಂದು ಕ್ಷಣ ಅತ್ತಲೇ ಕಾದು, ಆಮೇಲೆ ಕೂಗಿದ.

"ಬಂದ್ಯೇನೋ ಚಮಚ!"

ಗಣಿಯ ಕೆಳಗಿನವರು ಮೇಲೆ ಚಮಚದಲ್ಲಿ ಉಪ್ಪು ತೂಗುವವನಿಗೆ ಇಟ್ಟ ಹೆಸರು. ಸಾಹೇಬರ ಹಿಂದೆ ಸುತ್ತುವವನು ಎಂಬ ಅರ್ಥವೂ ಅದರೊಳಗಿತ್ತು. ಆಗೆಲ್ಲ ಲೋರ್ನ್‌ಗೆ ಚುಚ್ಚುತ್ತಿತ್ತು. ಈಗ ಆ ಹೆಸರಿನಿಂದ ಕರೆಯುವವನು ಇವನೊಬ್ಬನೇ ಉಳಿದಿದ್ದ.

"ಕಿವಿ ಮೊದ್ಲೇ ಹೋಗಿತ್ತು, ಈಗ ಕಣ್ಣೂ ಹೋಯ್ತಾ?" ಎಂದ ಲೋರ್ನ್.

"ಬಾಯಿದೆಯಲ್ಲ, ಅದು ಸಾಕು. ಇದ್ಯಾರು, ಗ್ವೆನ್ನಾ? ಆಕಾರ ನೋಡಿ ಹೇಳ್ತೀನಿ ಕಣಮ್ಮ ಈಗ. ನಿಮ್ಮಮ್ಮನ ಹಂಗೇ ನಿಲ್ತೀಯ, ಒಂದು ಕಾಲಿನ ಮೇಲೆ ಭಾರ ಹಾಕಿ. ಬನ್ನಿ ಬನ್ನಿ. ಬೂಟು ಆ ಗೋಣಿ ಮೇಲೆ ಒರೆಸ್ಕೊಳ್ಳಿ ಮೊದ್ಲು. ಚೆನ್ನಾಗಿ ಒರೆಸು ಗ್ವೆನ್, ಉಪ್ಪು ಒಳಗೆ ಬರಬಾರ್ದು. ನಿಮ್ಮಪ್ಪನದೇ ಕಾನೂನು ಇದು, ನಂದಲ್ಲ."

ಹಳೆಯ ದನದ ಕೊಟ್ಟಿಗೆ. ಹಸುಗಳು ಹೋಗಿ ಇಪ್ಪತ್ತು ವರ್ಷವಾದರೂ ಹುಲ್ಲಿನ ವಾಸನೆ ಹೋಗಿರಲಿಲ್ಲ. ಲೋರ್ನ್ ಬಾಗಿಲಲ್ಲೇ ಉಸಿರು ಹಿಡಿದ. ಹೆಂಡತಿ ಟ್ರೂಡಿಗೆ ಈ ವಾಸನೆ ಆಗುತ್ತಿರಲಿಲ್ಲ. ಡಚ್ಚರ ಹೈನು ಮನೆಯಲ್ಲಿ ಹುಟ್ಟಿಯೂ ಒಣಹುಲ್ಲು ಹತ್ತಿರ ಬಂದರೆ ಎದೆ ಸೀಟಿ ಹೊಡೆಯುತ್ತಿತ್ತು, ಉಬ್ಬಸದ ನೀಲಿ ಇನ್‌ಹೇಲರ್ ಏಪ್ರನ್ನಿನ ಜೇಬಿನಲ್ಲೇ ಇರುತ್ತಿತ್ತು. ನಮ್ಮಪ್ಪ ನನ್ನನ್ನು ನಿನಗೆ ಕೊಟ್ಟಿದ್ದು ಹಸು ಸಾಕೋಕೆ ಆಗದವಳು ಅಂತ, ಎಂದು ನೆಂಟರ ಮುಂದೆ ಹೇಳಿ ಎಲ್ಲರನ್ನೂ ನಗಿಸುತ್ತಿದ್ದಳು. ಅವಳ ತಮಾಷೆ ಯಾವುದು, ನಿಜ ಯಾವುದು ಎಂದು ಲೋರ್ನ್‌ಗೆ ಕೂಡಲೇ ತಿಳಿಯುತ್ತಿರಲಿಲ್ಲ. ಎಲ್ಲರೂ ನಕ್ಕು ಮುಗಿಸಿದ ಮೇಲೆ ಅವನು ನಗುತ್ತಿದ್ದ. ಅದಕ್ಕೂ ಅವಳು ಒಂದು ಹೆಸರಿಟ್ಟಿದ್ದಳು: ನೀನೂ ನಿನ್ನ ಕಾರಿನ ಹಾಗೆ, ಒತ್ತಿ ಎರಡು ಕ್ಷಣ ಕಾಯಬೇಕು.

ಡಂಕ್ ಹೊದಿಕೆಯನ್ನು ಮುಂದಿನಿಂದ ಹಿಂದಕ್ಕೆ, ಮಗುವಿನ ಮೈಮೇಲಿಂದ ಕಂಬಳಿ ತೆಗೆಯುವ ಹಾಗೆ ಮಡಿಸುತ್ತ ಹೋದ. ದ್ರಾಕ್ಷಿಯ ಕಪ್ಪುಕೆಂಪು ಬಣ್ಣ. ಚಪ್ಪಟೆ ಮೂತಿ, ಮುಚ್ಚಿದ ರೆಪ್ಪೆಗಳೊಳಗೆ ಮಲಗಿದ ದೀಪಗಳು. ಜಪಾನಿನಿಂದ ಬಂದದ್ದು, ಎಂಬತ್ತೇಳರ ಮಾದರಿ. ಟರ್ಬೊ ಇರುವಂಥವು ಈ ದೇಶಕ್ಕೆ ಬಂದಿದ್ದೇ ಮುನ್ನೂರು ಚಿಲ್ಲರೆ ಎಂದು ಆಗ ಹೇಳುತ್ತಿದ್ದರು, ಈಗ ಎಷ್ಟು ಉಳಿದಿವೆಯೋ. ಮುಂದಿನ ಗಾಜಿನ ಒಳಗೆ ಡಂಕ್ ಒಂದು ರಟ್ಟಿನ ಚೀಟಿ ನಿಲ್ಲಿಸಿದ್ದ. ಕಣ್ಣು ಕಾಣದವನ ದೊಡ್ಡ ದೊಡ್ಡ ಅಕ್ಷರ: ಇಬ್ಬರೇ ಯಜಮಾನರು. ಒಂದು ಚಳಿಗಾಲವನ್ನೂ ಕಂಡಿಲ್ಲ. ಉಪ್ಪು ಸೋಕಿಲ್ಲ.

"ಓದು, ಓದು," ಎಂದ ಡಂಕ್. "ಟೊರಾಂಟೊದವನಿಗೆ ಅಂತ ಬರೆದಿದ್ದು. ನೀನು ಕೀ ಕೊಟ್ಟ ದಿನ ಏನಂದೆ ನೆನಪಿದೆಯಾ? ಅಡುಗೆಮನೆ ಬಾಗಿಲಿಂದ್ಲೇ ಕೀ ಎಸೆದೆ, ಹೊರಗೂ ಬರ್ಲಿಲ್ಲ. ಒಂದೇ ಮಾತು ಅಂದೆ. ಉಪ್ಪು ತೋರಿಸಬೇಡ ಅಂದೆ."

"ಅಂದ್ನಾ?"

"ಅಂದ್ಯಲ್ಲ! ಹೆಂಡ್ತಿ ಹೋಗಿ ಮೂರು ತಿಂಗಳಾಗಿತ್ತು ನಿಂಗೆ. ಅಂಥಾ ಹೊತ್ತಲ್ಲಿ ಮನುಷ್ಯ ಒಂದು ಮಾತು ಅಂದ್ರೆ ಅದನ್ನ ಮೀರೋಕಾಗತ್ತಾ? ನನ್ನ ಮಗಳ ಮದುವೆ ಮಾರ್ಚಲ್ಲಿತ್ತು. ಮದುಮಗಳು ಆ ಕಾರಲ್ಲೇ ಹೋಗ್ಬೇಕು ಅಂತ ಅತ್ತಳು. ಕೊಡ್ಲಿಲ್ಲ. ಎರಡನೇ ಮಳೆ ಆಗಿಲ್ಲ ಕಣೇ ಅಂದೆ. ಇವತ್ತಿಗೂ ಕ್ರಿಸ್ಮಸ್ ಊಟದಲ್ಲಿ ಅದನ್ನೇ ಎತ್ತಿ ಆಡ್ತಾಳೆ." ಅವನು ಬಾನೆಟ್ಟಿನ ಮೇಲೆ ಅಂಗೈ ಇಟ್ಟ. "ಆಡ್ಲಿ. ಮಾತು ಅಂದ್ರೆ ಮಾತು."

ಲೋರ್ನ್ ಆ ಚೀಟಿಯನ್ನು ಇನ್ನೊಮ್ಮೆ ಓದಿದ. ಅವನ ಬಾಯಿಂದ ಅಂದು ಬಿದ್ದ ಒಂದು ವಾಕ್ಯ ಇನ್ನೊಬ್ಬನ ಮನೆಯಲ್ಲಿ ಇಪ್ಪತ್ತಮೂರು ವರ್ಷ ಕಾನೂನಾಗಿ ಬದುಕಿತ್ತು, ಒಬ್ಬ ಹುಡುಗಿಯನ್ನು ಮದುವೆಯ ದಿನ ಅಳಿಸಿತ್ತು. ಅವನಿಗೆ ಅದನ್ನು ಹೇಳಿದ್ದು ನೆನಪೇ ಇರಲಿಲ್ಲ.

ಡಂಕ್ ಕೊಟ್ಟಿಗೆಯ ದೊಡ್ಡ ಬಾಗಿಲು ತೆರೆದು ಕಾರು ಶುರುಮಾಡಿದ. ಹೊರಗೆ ಒಯ್ಯುವ ಮಾತಿಲ್ಲ, ರಸ್ತೆ ಇನ್ನೂ ಬಿಳಿ. ಇಲ್ಲೇ ಕೇಳು, ಇದರ ಉಸಿರು ಹೇಗಿದೆ ಅಂತ, ಎಂದ. ಎಂಜಿನ್ ಒಂದೇ ಸಲಕ್ಕೆ ಹಿಡಿಯಿತು. ಪೆಡಲು ಒತ್ತಿದಾಗ ಮೊದಲು ಏನೂ ಆಗಲಿಲ್ಲ. ಒಂದು ಕ್ಷಣ, ಎರಡು, ಆಮೇಲೆ ಎಲ್ಲೋ ಒಳಗೆ ತೆಳ್ಳಗೆ ಒಂದು ಸೀಟಿ ಹುಟ್ಟಿ ಏರಿತು. ಹಳೆಯ ಟರ್ಬೊಗಳೆಲ್ಲ ಹಾಗೆ. ಸುಟ್ಟ ಹೊಗೆ ಹೊರಗೆ ಹೋಗುತ್ತ ಒಂದು ಸಣ್ಣ ಚಕ್ರವನ್ನು ತಿರುಗಿಸಬೇಕು, ಆ ಚಕ್ರ ಗಾಳಿಯನ್ನು ಒಳಗೆ ಒತ್ತಬೇಕು, ಆಗ ಬಲ ಬರುತ್ತದೆ. ಏನಾದರೂ ಸುಟ್ಟುಹೋದ ಮೇಲೇ ಬಲ ಬರುವುದು. ಗ್ವೆನ್ ಕಿವಿ ಮುಚ್ಚಿಕೊಂಡಳು. ಪೆಡಲು ಬಿಟ್ಟ ಮೇಲೆ ಡಂಕ್ ಕೂಡಲೇ ಆರಿಸಲಿಲ್ಲ, ಕೈಕಟ್ಟಿ ಕೂತ. ಕಾದ ಚಕ್ರಕ್ಕೆ ಎಣ್ಣೆ ಹರಿಯುತ್ತಿರಬೇಕು, ಎರಡು ನಿಮಿಷ. ಬೇಸಿಗೆಯ ಸಂಜೆಗಳಲ್ಲಿ ಆ ಎರಡು ನಿಮಿಷ ಲೋರ್ನ್ ಮನೆ ಮುಂದೆ ಕಾರಿನಲ್ಲೇ ಕೂತಿರುತ್ತಿದ್ದ. ಟ್ರೂಡಿ ಏಪ್ರನ್ನಿನಲ್ಲಿ ಕೈ ಒರೆಸುತ್ತ ಬಂದು ಪಕ್ಕದ ಸೀಟಿನಲ್ಲಿ ಇಳಿದು, ಬಾಗಿಲನ್ನು ಬಡಿಯದೆ ಅಂಗೈಯಿಂದ ಒತ್ತಿ ಮುಚ್ಚುತ್ತಿದ್ದಳು. ಬಡಿದರೆ ರಬ್ಬರು ಹಾಳು ಎಂದು ಅವನೇ ಹೇಳಿಕೊಟ್ಟದ್ದು. ಇಬ್ಬರೂ ಮಾತಾಡುತ್ತಿರಲಿಲ್ಲ. ದಿನದಲ್ಲಿ ಅವರಿಬ್ಬರೇ ಸುಮ್ಮನೆ ಕೂರುತ್ತಿದ್ದ ಹೊತ್ತು ಅದೊಂದೇ. ಎಣ್ಣೆಗಾಗಿ.

"ಒಳಗೆ ನೋಡು," ಎಂದ ಡಂಕ್, ಎಂಜಿನ್ ಆರಿಸಿ ಇಳಿಯುತ್ತ. "ಎಲ್ಲಾ ಹಂಗೇ ಇದೆ. ಒಂದೇ ಒಂದು ದೋಷ. ಅದೂ ನಿನ್ನ ಕೈಯಿಂದ ಬಂದಿದ್ದು, ನನ್ನ ಮೇಲೆ ಹಾಕ್ಬೇಡ." ಪಕ್ಕದ ಸೀಟಿನ ಮುಂದಿನ ರಬ್ಬರಿನ ಹಾಸನ್ನು ಎತ್ತಿದ. ಕೆಳಗಿನ ಬೂದು ಕಾರ್ಪೆಟ್ಟಿನ ಮೇಲೆ ಒಂದು ಬಿಳಿಯ ಕಮಾನು, ಅದರ ಪಕ್ಕದಲ್ಲಿ ಇನ್ನೊಂದು, ಅರ್ಧ. "ನೀರು ಹಾಕಿ ಉಜ್ಜೋಣ ಅಂದ್ರೆ ಧೈರ್ಯ ಬರ್ಲಿಲ್ಲ. ನೀರು ಇಳಿದ್ರೆ ಕೆಳಗಿನ ತಗಡಿಗೆ ಕೇಡು. ಮೇಲೆ ಹಾಸು ಹಾಕಿ ಮುಚ್ಚಿಟ್ಟೆ. ಟೊರಾಂಟೊದವನು ಬೇಕಾದ್ರೆ ತೊಳೆಸ್ಕೊಳ್ಲಿ."

ಲೋರ್ನ್ ಬಗ್ಗಿ ನೋಡಿದ. ಅವಮಾನವೆನ್ನಿಸಿತು. ಕಲೆಯಿರುವ ಕಾರನ್ನು ಕೊಟ್ಟಿದ್ದನೇ? ಬ್ಯಾಟರಿಯ ಆಮ್ಲವಾಗಿದ್ದರೆ ನೂಲು ತಿಂದುಹೋಗಿರಬೇಕಿತ್ತು, ನೂಲು ಗಟ್ಟಿಯಾಗಿತ್ತು. ಸುಣ್ಣವಿರಬಹುದೇ, ಗಾರೆ ಕೆಲಸ ಮಾಡಿಸಿದ ವರ್ಷ? ಟ್ರೂಡಿ ಹೋದ ದಿನದಿಂದಾಚೆಗೆ ಅವನು ಈ ಕಾರಿನೊಳಕ್ಕೆ ನೋಡಿಯೇ ಇರಲಿಲ್ಲ, ಆದ್ದರಿಂದ ಆ ದಿನಕ್ಕಿಂತ ಹಿಂದಿನದು ಎಂದು ತೀರ್ಮಾನಿಸಿದ.

"ಕಾಗದ ತರ್ತೀನಿ," ಎಂದ ಡಂಕ್. "ನಮ್ಮನೆಯವಳು ಬಟರ್ ಟಾರ್ಟ್ ಮಾಡಿದಾಳೆ, ಅದೂ ತರ್ತೀನಿ. ಅಷ್ಟರಲ್ಲಿ ಕೆಳಗೆ ಹೋಗಿ ನೋಡ್ಕೊ. ಒಂದು ಚುಕ್ಕೆ ತುಕ್ಕು ಸಿಕ್ರೆ ಕಾರು ಬಿಟ್ಟಿ ನಿಂಗೆ."

ಟೊರಾಂಟೊದವನು ಕೆಳಗೆ ನೋಡಲಿ ಎಂದು ಡಂಕ್ ಕಾರನ್ನು ಮೊದಲೇ ಮರದ ದಿಮ್ಮಿಗಳ ಮೇಲೆ ಏರಿಸಿಟ್ಟಿದ್ದ. ಆದರೂ ಚಕ್ರದ ಹಲಗೆಯ ಮೇಲೆ ಮಲಗುವುದೇ ಒಂದು ಕೆಲಸವಾಯಿತು. ಗ್ವೆನ್ ತೋಳು ಹಿಡಿದು ಇಳಿಸಿದಳು, ಕೈಗೆ ದೀಪ ಕೊಟ್ಟಳು. ಹಲಗೆ ಕಿರುಗುಟ್ಟುತ್ತ ಅವನನ್ನು ಕಾರಿನ ಹೊಟ್ಟೆಯ ಕೆಳಗೆ ಒಯ್ದಿತು. ದೀಪ ಎತ್ತಿದ. ಕಾರ್ಖಾನೆಯಲ್ಲಿ ಬಳಿದ ಕಪ್ಪು ಲೇಪ, ಬೋಲ್ಟುಗಳ ತಲೆಯ ಮೇಲಿನ ಹಳದಿ ಗುರುತು ಕೂಡ ಅಳಿಸಿರಲಿಲ್ಲ. ಬ್ರೇಕಿನ ಕೊಳವೆಗಳು ನಿನ್ನೆ ಜೋಡಿಸಿದ ಹಾಗೆ. ಈ ಊರಿನಲ್ಲಿ ಹತ್ತು ವರ್ಷದ ಕಾರಿನ ಕೆಳಗೆ ಮಲಗಿದರೆ ಕಣ್ಣಿಗೆ ತುಕ್ಕಿನ ಪುಡಿ ಬೀಳುತ್ತದೆ. ಮೂವತ್ತೆರಡು ವರ್ಷದ ಈ ಕಾರಿನ ಕೆಳಗೆ ಏನೂ ಬೀಳಲಿಲ್ಲ. ದೀಪವನ್ನು ಮೂಲೆ ಮೂಲೆಗೆ ಒಯ್ದ. ತಾನು ತುಕ್ಕು ಹುಡುಕುತ್ತಿರುವುದು ಕೊಳ್ಳುವವನ ಎಚ್ಚರದಿಂದಲ್ಲ ಎಂದು ಅವನಿಗೆ ಗೊತ್ತಿತ್ತು. ಒಂದು ಕಡೆ, ಒಂದೇ ಕಡೆ, ಸಾಸಿವೆಯಷ್ಟು ಸಿಕ್ಕಿದ್ದರೆ, ತನ್ನ ನೆನಪು ಸುಳ್ಳು, ಅಂದು ಈ ಕಾರನ್ನೇ ತೆಗೆದಿದ್ದೆ, ಎಂದು ನಂಬಲು ಅಷ್ಟು ಸಾಕಿತ್ತು. ಸಾಕ್ಷ್ಯ ಎಷ್ಟು ಸ್ವಚ್ಛವಾಗಿತ್ತೆಂದರೆ ದೀಪದ ಬೆಳಕು ಅದರಿಂದ ತಿರುಗಿ ಅವನ ಮುಖಕ್ಕೇ ಬೀಳುತ್ತಿತ್ತು.

ಇಪ್ಪತ್ತಮೂರು ವರ್ಷದ ಹಿಂದೆ, ಫೆಬ್ರವರಿ ಒಂಬತ್ತು, ಮಧ್ಯಾಹ್ನ ಮೂರು ಗಂಟೆ, ಸೊನ್ನೆಗಿಂತ ಹನ್ನೊಂದು ಡಿಗ್ರಿ ಕೆಳಗೆ. ಉಪ್ಪು ಇನ್ನೂ ಕೆಲಸ ಮಾಡುವ ಚಳಿ. ಇನ್ನೂ ಏಳೆಂಟು ಡಿಗ್ರಿ ಇಳಿದಿದ್ದರೆ ಅದು ಕರಗುತ್ತಲೇ ಇರಲಿಲ್ಲ. ಟ್ರೂಡಿ ರಸ್ತೆಯಂಚಿನ ಟಪಾಲು ಪೆಟ್ಟಿಗೆಯವರೆಗೆ ನಡೆದು ಹೋಗಿ ಕಾಗದ ತಂದಿದ್ದಳು. ಆ ತಣ್ಣನೆಯ ಗಾಳಿಯೇ ಎದೆಗೆ ಹತ್ತಿತು. ಇನ್‌ಹೇಲರ್ ಎರಡು ಸಲ, ನಾಲ್ಕು ಸಲ. ಆಂಬುಲೆನ್ಸು ಹೆದ್ದಾರಿಯ ಅಪಘಾತಕ್ಕೆ ಹೋಗಿದೆ, ಬರಲು ನಲವತ್ತು ನಿಮಿಷ, ನೀವೇ ಕರೆತಂದರೆ ಒಳ್ಳೆಯದು ಎಂದರು. ಆಸ್ಪತ್ರೆ ಇಪ್ಪತ್ತೊಂದು ಕಿಲೋಮೀಟರು. ಗ್ಯಾರೇಜಿನಲ್ಲಿ ಎರಡು ಕಾರು. ಚಳಿಗಾಲಕ್ಕೆಂದು ಇಟ್ಟ ಹಳೆಯ ವ್ಯಾಗನ್ ಕೆಮ್ಮಿತೇ ಹೊರತು ಶುರುವಾಗಲಿಲ್ಲ. ಪಕ್ಕದಲ್ಲಿ ಇದು, ಆ ವರ್ಷ ಬ್ಯಾಟರಿ ಬಿಚ್ಚಿರದ ಇದು, ಕೀ ತಿರುಗಿಸಿದರೆ ಸಾಕಿತ್ತು. ಅವನು ಎರಡರ ನಡುವೆ ನಿಂತ. ಎಷ್ಟು ಹೊತ್ತು? ಹದಿನೈದು ಸೆಕೆಂಡು ಇರಬಹುದು. ಉಪ್ಪಿನ ಲಾರಿ ಆಗಷ್ಟೇ ಹಾದುಹೋಗಿತ್ತು, ಗೇಟಿನಾಚೆ ರಸ್ತೆ ಕಪ್ಪಗೆ ಒದ್ದೆಯಾಗಿ ಹೊಳೆಯುತ್ತಿತ್ತು. ಆ ವಾರದ ಉಪ್ಪಿಗೆ ಸಹಿ ಹಾಕಿದ್ದವನು ಅವನೇ. ಅವನ ಕಣ್ಣು ಇದರ ಮೇಲೆ ನಿಂತದ್ದನ್ನು ಟ್ರೂಡಿ ಕಂಡಳು. ಗೋಡೆಗೆ ಒರಗಿ, ಒಂದೊಂದು ಪದಕ್ಕೂ ಉಸಿರು ಕೂಡಿಸಿ ಹೇಳಿದಳು: "ಅದು ಬೇಡಪ್ಪಾ... ಉಪ್ಪು... ಹಾಕಿದಾರೆ."

ಅವನು ಸರಿ ಎಂದ. ಹೌದು, ಸರಿ ಎಂದೇ ಅಂದದ್ದು. ವ್ಯಾಗನ್ನಿನ ಬಾನೆಟ್ ಎತ್ತಿ ತಲೆ ಒಳಗೆ ಹಾಕಿದ. ಎಂಟು ನಿಮಿಷ. ಅದು ಹಿಡಿದಾಗ ತಿರುಗಿ ನೋಡಿದರೆ ಟ್ರೂಡಿ ಅವನ ಹಿಂದೆಯೇ ನಿಂತಿದ್ದಳು. ಊರಿನ ನೀರಿನ ಗೋಪುರ ಕಾಣುವ ಸೇತುವೆಯ ಮೇಲೆ ಎದೆಯ ಸೀಟಿ ನಿಂತಿತು. ಅವನು ಹಗುರವಾಯಿತು ಅಂದುಕೊಂಡ. ಆಸ್ಪತ್ರೆಯ ಬಾಗಿಲ ತನಕವೂ ಅವಳ ಜೊತೆ ಮಾತಾಡುತ್ತಲೇ ಹೋದ. ಹತ್ತು ನಿಮಿಷ ಮೊದಲು ಬಂದಿದ್ದರೆ ಏನಾಗುತ್ತಿತ್ತೋ ಹೇಳಲಾಗದು ಎಂದರು ಡಾಕ್ಟರು, ಅದೇ ಸಮಾಧಾನ ಎಂಬ ಹಾಗೆ. ಮಣ್ಣಿನ ದಿನ ಗಣಿಯವರಲ್ಲಿ ಯಾರೋ, ಅಲ್ಲಾ, ಆ ಇನ್ನೊಂದು ಕಾರಲ್ಲಿ ಹೋಗಿದ್ದಿದ್ರೆ, ಎಂದು ಶುರುಮಾಡಿದ. ಇನ್ನೊಬ್ಬ ಅವನ ತೋಳು ಚಿವುಟಿದ್ದನ್ನು ಲೋರ್ನ್ ಕಂಡ. ಅಂದಿನಿಂದ ಇಂದಿನವರೆಗೆ ಅವನು ಬದುಕಿದ್ದು ಅವಳ ಆ ನಾಲ್ಕು ಪದಗಳ ಆಸರೆಯಲ್ಲಿ. ಬೇಡ ಎಂದವಳು ಅವಳು. ಅವಳೇ.

"ಏನಾದ್ರೂ ಸಿಕ್ತಾ?" ಗ್ವೆನ್‌ಳ ದನಿ ಮೇಲಿನಿಂದ ಬಂತು. ಅವನಿಗೆ ಕಾಣುತ್ತಿದ್ದದ್ದು ಅವಳ ಬೂಟುಗಳು ಮಾತ್ರ. ಒರೆಸಿದ್ದರೂ ಅಂಚಿಗೆ ಬಿಳಿ ಉಳಿದಿತ್ತು.

"ಇಲ್ಲ. ಒಂದು ಚುಕ್ಕೆನೂ ಇಲ್ಲ."

ಬೂಟುಗಳು ಕದಲಲಿಲ್ಲ.

"ಅಪ್ಪ, ಆ ಕಲೆ ಅಮ್ಮಂದು."

"ಯಾವ ಕಲೆ?"

"ಕಾರ್ಪೆಟ್ ಮೇಲಿಂದು. ಅಮ್ಮನ ಬೂಟಿಂದು ಅದು. ಅವತ್ತಿಂದು."

ದೀಪ ಅವನ ಎದೆಯ ಮೇಲೆ ಉರಿಯುತ್ತಿತ್ತು. "ಅವತ್ತು ನಾವು ಈ ಕಾರು ತೆಗೀಲಿಲ್ಲ ಗ್ವೆನ್."

"ತೆಗೀಲಿಲ್ಲ. ಅಮ್ಮ ಕೂತಿದ್ಳು."

ಅವಳು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತಳು. ಈಗ ಅವನಿಗೆ ಅವಳ ಮಂಡಿ, ಮಂಡಿಯ ಮೇಲೆ ಹೆಣೆದ ಬೆರಳು ಕಂಡವು. ಮುಖ ಇನ್ನೂ ಕಾಣಲಿಲ್ಲ. ಅಂದು ಅವಳು ಒಂಬತ್ತು ವರ್ಷದವಳು, ಅಡುಗೆಮನೆಯಿಂದ ಗ್ಯಾರೇಜಿಗೆ ಇಳಿಯುವ ಮೆಟ್ಟಿಲ ಮೇಲೆ ನಿಂತಿದ್ದಳು. ನೀನು ಇಲ್ಲೇ ಇರು, ಪಕ್ಕದ ಮನೆಯವರು ಬರುತ್ತಾರೆ ಎಂದು ಅವನೇ ಅಲ್ಲಿ ನಿಲ್ಲಿಸಿದ್ದ.

"ಉಪ್ಪು ಹಾಕಿದಾರೆ ಅಂತ ನಿಂಗೆ ಅಂದ್ಳಲ್ಲ, ಅಂದು ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದ್ಳು. ನಿನ್ನ ರೇಗಿಸ್ತಿದ್ಳಪ್ಪ. ಆಮೇಲೆ ಹೋಗಿ ಈ ಬಾಗಿಲು ತೆಗೆದು ಒಳಗೆ ಕೂತ್ಕೊಂಡ್ಳು. ಬೂಟು ಹಾಕ್ಕೊಂಡೇ. ನಂಗೆ ಭಯ ಆಯ್ತು, ಅಪ್ಪ ಬೈತಾನೆ ಅಂತ. ನೀನು ಅತ್ಲಾಗೆ ಬಗ್ಗಿದ್ದೆ. ನಿನ್ನ ಬೆನ್ನು ನೋಡ್ತಾ ಕಾಯ್ತಾ ಇದ್ಳು. ಕರೆಯೋಕೆ ಉಸಿರಿರ್ಲಿಲ್ಲ ಅನ್ಸತ್ತೆ. ಆ ಇನ್ನೊಂದು ಶುರುವಾದಾಗ ಎದ್ದಳು. ಎದ್ದು ಬಾಗಿಲು ಮುಚ್ಚಿದ್ಳು. ಹೀಗೆ, ಅಂಗೈಲಿ ಒತ್ತಿ."

ಲೋರ್ನ್ ದೀಪವನ್ನು ಎದೆಯಿಂದ ಪಕ್ಕಕ್ಕೆ ಇಳಿಸಿದ. ಮೇಲೆ ಕಪ್ಪು ತಗಡು ಅವನ ಮೂಗಿಗೆ ಒಂದು ಗೇಣು ದೂರದಲ್ಲಿತ್ತು. ಅದರ ಆಚೆ, ಮೂರು ಪದರ ಮೇಲೆ, ಆ ಎರಡು ಕಮಾನುಗಳಿದ್ದವು.

"ಯಾಕೆ ಹೇಳ್ಲಿಲ್ಲ ನೀನು?"

"ನಿಂಗೆ ಗೊತ್ತು ಅಂದ್ಕೊಂಡಿದ್ದೆ." ಅವಳ ದನಿ ಈಗ ಚಿಕ್ಕದಾಗಿತ್ತು. "ಅದಕ್ಕೇ ನೀನು ಈ ಕಾರಿನ ಹೆಸರೆತ್ತಲ್ಲ ಅಂದ್ಕೊಂಡಿದ್ದೆ. ಈಗ ಆ ಕಲೆ ಏನು ಅಂತ ನೀನು ಬಗ್ಗಿ ಬಗ್ಗಿ ನೋಡ್ದಾಗ ಗೊತ್ತಾಯ್ತು, ನಿಂಗೆ ಗೊತ್ತಿಲ್ಲ ಅಂತ."

ಹೊರಗೆ ಬರುವುದು ಹೋದದ್ದಕ್ಕಿಂತ ಕಷ್ಟವಾಯಿತು. ಹಲಗೆಯ ಒಂದು ಚಕ್ರ ನೆಲದ ಬಿರುಕಿನಲ್ಲಿ ಸಿಕ್ಕಿಕೊಂಡಿತು; ಅವನು ಮಗುಚಿದ ಆಮೆಯ ಹಾಗೆ ಕೈಕಾಲು ಆಡಿಸಿದ; ಗ್ವೆನ್ ಕಾಲು ಹಿಡಿದು ಎಳೆದಳು. ಅಂಗಿ ಮೇಲೆ ಸರಿದು ಹೊಟ್ಟೆ ಕಂಡಿತು. ಎದ್ದು ನಿಲ್ಲಲು ಅವಳ ಹೆಗಲು ಬೇಕಾಯಿತು. ನಿಂತವನು ಅವಳ ಮುಖ ನೋಡದೆ ಆ ಬಾಗಿಲು ತೆರೆದು, ಸೀಟಿನ ಅಂಚಿಗೆ ಇಳಿದು ಕೂತ, ಕಾಲು ಹೊರಗಿಟ್ಟು. ಆಮೇಲೆ ಬಗ್ಗಿ ಕಲೆಯನ್ನು ತೋರುಬೆರಳಿನಿಂದ ಉಜ್ಜಿದ. ಬೆರಳ ತುದಿಗೆ ಬಿಳಿಯ ನುಣ್ಣನೆ ಪುಡಿ ಹತ್ತಿತು. ಪ್ರಯೋಗಾಲಯದ ಮೊದಲ ಪಾಠ, ಯಾವುದನ್ನೂ ಬಾಯಿಗಿಡಬಾರದು. ಬರೀ ಉಪ್ಪನ್ನೇ ತೂಗುವ ಕಡೆಯಲ್ಲಿ ಆ ನಿಯಮ ನಗೆಪಾಟಲಾಗಿತ್ತು, ಹುಡುಗರು ಮೊಟ್ಟೆಗೆ ಅಲ್ಲಿಂದಲೇ ಉದುರಿಸಿಕೊಳ್ಳುತ್ತಿದ್ದರು. ಅವನು ಮಾತ್ರ ಮೂವತ್ತೊಂದು ವರ್ಷದಲ್ಲಿ ಒಂದು ಹರಳನ್ನೂ ನಾಲಿಗೆಗಿಟ್ಟಿರಲಿಲ್ಲ. ಈಗ ಇಟ್ಟ.

ಉಪ್ಪು.

ಈ ಸೀಟಿನಿಂದ ಗ್ಯಾರೇಜಿನ ಆ ಬದಿ ಎಷ್ಟು ದೂರ ಎಂದು ಲೆಕ್ಕ ಹಾಕಿದ. ನಾಲ್ಕು ಹೆಜ್ಜೆ. ನಾಲ್ಕು ಹೆಜ್ಜೆ ಆಚೆ ಬಗ್ಗಿ ನಿಂತ ಗಂಡಸಿನ ಬೆನ್ನು ಇಲ್ಲಿಂದ ಹೇಗೆ ಕಾಣುತ್ತದೆ? ಎಂಟು ನಿಮಿಷ. ಒತ್ತಿ ಎರಡು ಕ್ಷಣ ಕಾಯಬೇಕು ಎಂದು ನಂಬಿದ್ದವಳು ಎಂಟು ನಿಮಿಷ ಕಾದಿದ್ದಳು. ಕೊಳ್ಳಬೇಕು, ಉಪ್ಪಿಗೆ ಒಡ್ಡಬೇಕು, ಕೊಳೆಸಬೇಕು ಎಂದು ಮೂರು ದಿನದಿಂದ ಕಟ್ಟಿಕೊಂಡು ಬಂದದ್ದು ಒಂದು ಶಬ್ದವೂ ಇಲ್ಲದೆ ಕುಸಿಯಿತು. ಶಿಕ್ಷೆ ಕೊಡಲು ಇಲ್ಲಿ ಏನೂ ಇರಲಿಲ್ಲ. ಕಾರು ಅವಳಿಗೆ ಬಾಗಿಲು ತೆರೆದಿತ್ತು.

ಡಂಕ್ ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಕಾಗದ ಹಿಡಿದು, ಹೊಸ್ತಿಲನ್ನು ಕಾಲಿನಿಂದ ತಡವಿ ಒಳಗೆ ಬಂದ.

"ಎಲ್ಲಿದೀರ? ಓಹೋ, ಸೀಟಿಗೇ ಬಂದ್ಬಿಟ್ಯಾ! ಅಂದ್ರೆ ಮದುವೆ ಗಟ್ಟಿಯಾಯ್ತು ಅಂತ. ತಗೊ, ತಿನ್ನು. ಒಳಗೆ ಪುಡಿ ಉದುರಿಸ್ಬೇಡ ಮತ್ತೆ."

"ಇಲ್ಲ ಡಂಕ್. ನಂಗೆ ಬೇಡ."

"ಟಾರ್ಟಾ?"

"ಕಾರು."

ಡಂಕ್ ತಟ್ಟೆಯನ್ನು ಹುಡುಕಿಕೊಂಡು ಬೆಂಚಿನ ಮೇಲಿಟ್ಟ. "ತುಕ್ಕು ಸಿಕ್ತಾ?" ಎಂದ, ಅಷ್ಟೊತ್ತಿನ ದನಿಯೇ ಅಲ್ಲ ಅದು.

"ಇಲ್ಲ. ಕೆಳಗೆ ಚಿನ್ನದ ಹಾಗಿದೆ. ನೀನು ಸಾಕಿದ ಹಾಗೆ ಯಾರೂ ಸಾಕ್ತಿರ್ಲಿಲ್ಲ. ಟೊರಾಂಟೊದವನಿಗೆ ಕೊಡು. ಆದ್ರೆ ಆ ಚೀಟಿ ತಿದ್ದು. ಇದು ಉಪ್ಪು ಕಂಡಿದೆ."

"ಯಾವನು ಹೇಳಿದ್ದು? ಇಪ್ಪತ್ಮೂರು ವರ್ಷ ಕಣೋ! ಹೆತ್ತ ಮಗಳ ಮದುವೆಗೂ..."

"ನಿನ್ನ ಹತ್ರ ಇದ್ದಾಗಲ್ಲ. ನನ್ನ ಹತ್ರ ಇದ್ದಾಗ. ಒಂದ್ಸಲ."

ಡಂಕ್ ಅವನಿದ್ದ ಕಡೆಗೆ ಮುಖ ಹಿಡಿದು ನಿಂತ. ಆಮೇಲೆ ನಕ್ಕ, ದೊಡ್ಡದಾಗಿ, ಹಗುರಾದವನ ಹಾಗೆ. "ನೀನು? ಉಪ್ಪಿನ ಮೇಲೆ ನೀನು ಇದನ್ನ ಓಡಿಸ್ದೆ ಅಂದ್ರೆ ಈ ಊರಲ್ಲಿ ನಾಯಿನೂ ನಂಬಲ್ಲ ಕಣೋ ಚಮಚ."

"ಓಡಿಸ್ಲಿಲ್ಲ," ಎಂದ ಲೋರ್ನ್.

ಡಂಕ್‌ನ ನಗು ಎಲ್ಲೋ ಅರ್ಧದಲ್ಲಿ ನಿಂತಿತು. ಗ್ವೆನ್ ಕೊಟ್ಟಿಗೆಯ ಬಾಗಿಲಿನತ್ತ ಮುಖ ಮಾಡಿ ನಿಂತಿದ್ದಳು, ಒಂದು ಕಾಲಿನ ಮೇಲೆ ಭಾರ ಹಾಕಿ. ಲೋರ್ನ್ ರಬ್ಬರಿನ ಹಾಸನ್ನು ಎತ್ತಿ ಕಲೆಯ ಮೇಲೆ ಮೊದಲಿದ್ದ ಹಾಗೆಯೇ ಹಾಸಿದ. ಬಾಗಿಲಿನ ಚೌಕಟ್ಟು ಹಿಡಿದು, ಮಂಡಿಯ ನೋವನ್ನು ಹಲ್ಲಿನಲ್ಲಿ ಕಚ್ಚಿ, ಯಾರ ಸಹಾಯವೂ ಇಲ್ಲದೆ ಎದ್ದ. ಬಾಗಿಲನ್ನು ತಂದು ಚೌಕಟ್ಟಿಗೆ ಸೇರಿಸಿ, ಹಿಡಿಯ ಪಕ್ಕದಲ್ಲಿ ಅಂಗೈ ಇಟ್ಟು ಒತ್ತಿದ. ಬೀಗ ಹಿಡಿದದ್ದು ಅಂಗೈಗೆ ತಿಳಿಯಿತು, ಕಿವಿಗೆ ತಿಳಿಯಲಿಲ್ಲ.

"ಮುಚ್ಚಿದ್ಯಾ?" ಎಂದ ಡಂಕ್. "ನಂಗೇನೂ ಕೇಳಿಸ್ಲೇ ಇಲ್ವಲ್ಲ."

"ಕೇಳಿಸಲ್ಲ," ಎಂದ ಲೋರ್ನ್. "ಹಂಗೆ ಮುಚ್ಚೋದನ್ನ ನಾನೇ ಹೇಳಿಕೊಟ್ಟಿದ್ದೆ."